ಆ ಸ್ಪಾರ್ಟಾದವರಿಗೊಂದು ಕವಚ ತೊಡಿಸಿ ಸ್ವಾಮಿ!

ಹೊಟ್ಟೆಯ ಮೇಲೆ ಎಣಿಸಬಹುದಾದಂಥ ಆರು ಗಂಟು, ಸೊಂಟಕ್ಕೊಂದು ಚರ್ಮದ ಚಡ್ಡಿ, ಬೆನ್ನಿಗೆ ಕೆಂಪು ಬಟ್ಟೆ, ತಲೆಗೆ ಕಂಚಿನ ಶಿರಸ್ತ್ರಾಣ. ‘೩೦೦’ ಸಿನಿಮಾ ಬಂದದ್ದು ೨೦೦೬ರಲ್ಲಿ. ಅದಕ್ಕೆ ಮೂಲವಾದ ಫ್ರಾಂಕ್ ಮಿಲ್ಲರ್‌ನ ಕಾಮಿಕ್ಸ್ ಬಂದದ್ದು ೧೯೯೮ರಲ್ಲಿ. ಅಲ್ಲಿಂದೀಚೆಗೆ ಪ್ರಾಚೀನ ಗ್ರೀಸಿನ ಕಾಲಾಳು ಅಂದರೆ ಬಹಳಷ್ಟು ಜನರ ಕಣ್ಣಿಗೆ ಕಟ್ಟುವುದು ಈ ಅರೆಬೆತ್ತಲೆ ಪೈಲ್ವಾನನೇ. ಜಿಮ್ಮಿನ ಬೋರ್ಡಿನಲ್ಲಿ ಅವನು, ಟೀ ಶರ್ಟಿನ ಮೇಲೆ ಅವನು, ಬೈಕಿನ ಟ್ಯಾಂಕಿನ ಮೇಲೂ ಅವನದೇ ಸ್ಟಿಕ್ಕರ್.

“ಸಿನಿಮಾ ತಾನೇ, ನೋಡಿ ಮರೆತುಬಿಡಿ” ಅಂತೀರಾ? ನೋಡುವಾಗ ನಾನೂ ಮಜಾ ತಗೊಂಡೇ ನೋಡಿದೆ. ಘೇಂಡಾಮೃಗ ಬಂದು ಉರುಳಿಬಿದ್ದಾಗ ಶಿಳ್ಳೆ ಹೊಡೆಯೋಣ ಅನ್ನಿಸಿತ್ತು. ನನ್ನ ಜಗಳ ಘೇಂಡಾಮೃಗದ ಜೊತೆಗಲ್ಲ. ಆ ಸೈನಿಕನ ಮೈಮೇಲಿನ ಕವಚ ಕಿತ್ತು ಹಾಕಿದರಲ್ಲ, ಅದರ ಜೊತೆಗೆ ಆ ಕವಚವನ್ನು ದುಡ್ಡು ಕೊಟ್ಟು ಕೊಂಡವರು, ಬಡಿದು ಮಾಡಿದವರು, ದಾರಿಯುದ್ದಕ್ಕೂ ಹೊತ್ತವರು ಎಲ್ಲರೂ ಕಥೆಯಿಂದ ಮಾಯವಾದರು. ಉಳಿದದ್ದು ಬರೀ ಮೈಕಟ್ಟು. ಆಮೇಲೆ ಆ ಮೈಕಟ್ಟಿಗೆ “ಸ್ವಾತಂತ್ರ್ಯ” ಅಂತ ಲೇಬಲ್ ಅಂಟಿಸಿದರು. ನನ್ನ ತಕರಾರು ಇರುವುದು ಈ ಲೇಬಲ್ಲಿನ ಬಗ್ಗೆ.

ತಮಾಷೆ ಏನು ಗೊತ್ತಾ? ಈ ಯುದ್ಧದ ಕಥೆ ನಮಗೆ ಸಿಕ್ಕಿರುವುದೇ ಹೆರೊಡೋಟಸ್‌ನಿಂದ. ಕ್ರಿ.ಪೂ. ೪೮೦ರ ಥರ್ಮಾಪಿಲೇ ಆದ ಮರುವರ್ಷ, ೪೭೯ರಲ್ಲಿ, ಪ್ಲಾಟಿಯಾದ ಬಯಲಿನಲ್ಲಿ ಗ್ರೀಕರು ಪರ್ಷಿಯನ್ನರನ್ನು ನಿಜವಾಗಿ ಸೋಲಿಸಿದರು. ಅದನ್ನು ಬರೆಯುವಾಗ ಹೆರೊಡೋಟಸ್ ಖಡಾಖಂಡಿತವಾಗಿ ಹೇಳುತ್ತಾನೆ: ಧೈರ್ಯದಲ್ಲಾಗಲಿ ಬಲದಲ್ಲಾಗಲಿ ಪರ್ಷಿಯನ್ನರು ಏನೂ ಕಡಿಮೆ ಇರಲಿಲ್ಲ. ಅವರಿಗೆ ಮುಳುವಾದದ್ದು ಎದುರಾಳಿಗಳಿಗಿದ್ದಂಥ ರಕ್ಷಾಕವಚ ಇಲ್ಲದ್ದು, ಮತ್ತು ಆ ಬಗೆಯ ಕಾದಾಟದ ಪಳಗಿಕೆ ಇಲ್ಲದ್ದು. ಎರಡು ಪಡೆಗಳ ನಡುವೆ ಮೂಲ ಲೇಖಕನೇ ಬೆರಳಿಟ್ಟು ತೋರಿಸಿದ ವ್ಯತ್ಯಾಸ ಕವಚ. ಸಿನಿಮಾದವರು ಅದನ್ನೇ ಹುಡುಕಿ ತೆಗೆದು ಬಿಸಾಕಿದ್ದಾರೆ! ಪರ್ಷಿಯನ್ನರನ್ನು ರಾಕ್ಷಸರನ್ನಾಗಿ ಮಾಡಿ, ಗ್ರೀಕರನ್ನು ಬರಿಮೈಯಲ್ಲಿ ನಿಲ್ಲಿಸಿ, ಗೆದ್ದದ್ದು ರಕ್ತದ ಗುಣದಿಂದ ಅನ್ನುವ ಹಾಗೆ ಮಾಡಿಬಿಟ್ಟರು.

ಸರಿ, ಅವನಿಗೆ ಮೊದಲು ಬಟ್ಟೆಬರೆ ತೊಡಿಸೋಣ. ಗುರಾಣಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಉಳಿದದ್ದೆಲ್ಲ ಆಮೇಲಿನ ಮಾತು.

ಗ್ರೀಕ್ ಕಾಲಾಳಿಗೆ ಹಾಪ್ಲೈಟ್ ಅನ್ನುತ್ತಾರೆ. ಅವನ ಗುರಾಣಿಯ ಹೆಸರು ಆಸ್ಪಿಸ್. ದುಂಡಗೆ, ಒಳಗಡೆ ಬೋಗುಣಿಯ ಹಾಗೆ ತಗ್ಗು. ಅಡ್ಡಗಲ ಸುಮಾರು ೮೦ರಿಂದ ೯೦ ಸೆಂಟಿಮೀಟರ್, ಕೆಲವು ಇನ್ನೂ ದೊಡ್ಡವು. ತೂಕ ಆರೇಳು ಕೆಜಿ. ಪೂರ್ತಿ ಲೋಹದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಒಳಗಿರುವುದು ಪಾಪ್ಲರ್, ವಿಲೋ ಥರದ ಹಗುರ ಮರ. ಮೇಲೆ ಹೊಳೆಯುವುದು ತೆಳ್ಳನೆಯ ಕಂಚಿನ ತಗಡು, ಎಷ್ಟೋ ಗುರಾಣಿಗಳಲ್ಲಿ ಅಂಚಿಗೆ ಮಾತ್ರ ಕಂಚು. ಒಳಮೈಗೆ ಚರ್ಮ. ಹಿಡಿಯುವ ಬಗೆ ಇನ್ನೂ ಸ್ವಾರಸ್ಯದ್ದು. ನಟ್ಟನಡುವೆ ಕಂಚಿನ ಒಂದು ಅಗಲ ಪಟ್ಟಿ ಇರುತ್ತದೆ, ಅದರ ಹೆಸರು ಪೋರ್ಪಾಕ್ಸ್. ಅದರೊಳಗೆ ಎಡಗೈಯನ್ನು ಮೊಣಕೈವರೆಗೂ ತೂರಿಸಬೇಕು. ಅಂಚಿನ ಹತ್ತಿರ ಹಗ್ಗದ ಒಂದು ಹಿಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಭಾರವೆಲ್ಲ ಮುಂಗೈ ಮೇಲೆ ಹಂಚಿಹೋಗುತ್ತದೆ. ದಣಿವಾದರೆ ಗುರಾಣಿಯ ಅಂಚನ್ನು ಭುಜದ ಮೇಲಿಟ್ಟು ನಿಲ್ಲಬಹುದು. ಈ ಪೋರ್ಪಾಕ್ಸ್ ಅನ್ನುವ ಹೆಸರು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ಕೈ ಹೀಗೆ ಗುರಾಣಿಯ ನಡುವೆ ಸಿಕ್ಕಿಕೊಂಡಾಗ ಏನಾಗುತ್ತೆ? ಗುರಾಣಿಯ ಅರ್ಧ ನಿಮ್ಮ ಎಡಕ್ಕೆ ಚಾಚಿಕೊಳ್ಳುತ್ತದೆ. ಪಕ್ಕದವನು ಒತ್ತಿ ನಿಂತರೆ ಅವನ ಬಲಮಗ್ಗುಲನ್ನು ಕಾಯುವುದು ನಿಮ್ಮ ಗುರಾಣಿ. ನಿಮ್ಮ ಬಲಮಗ್ಗುಲು ಇನ್ಯಾರದೋ ಗುರಾಣಿಯ ಭರವಸೆಯಲ್ಲಿರುತ್ತದೆ. ಥುಸಿಡಿಡೀಸ್ ಕ್ರಿ.ಪೂ. ೪೧೮ರ ಮಾಂಟಿನಿಯಾ ಯುದ್ಧ ವಿವರಿಸುವಾಗ ಒಂದು ಮಾತು ಹೇಳುತ್ತಾನೆ: ಎಲ್ಲ ಸೇನೆಗಳೂ ಮುನ್ನಡೆಯುವಾಗ ಬಲಕ್ಕೆ ವಾಲುತ್ತವೆ, ಯಾಕೆಂದರೆ ಪ್ರತಿಯೊಬ್ಬನೂ ಭಯದಿಂದ ತನ್ನ ತೆರೆದ ಮಗ್ಗುಲನ್ನು ಪಕ್ಕದವನ ಗುರಾಣಿಯ ಮರೆಗೆ ಸರಿಸುತ್ತಾನೆ. ಭಯದಿಂದ, ಓದಿದಿರಲ್ಲ? ಇಡೀ ಗ್ರೀಕ್ ಜಗತ್ತಿನ ಸೈನ್ಯಗಳು ಹೆದರಿಕೊಂಡು ಬಲಕ್ಕೆ ವಾಲುತ್ತಿದ್ದವು. ಇದನ್ನು ಬರೆದವನು ಸ್ವತಃ ಸೇನಾಪತಿಯಾಗಿದ್ದವನು. ಇಷ್ಟು ಮನುಷ್ಯಸಹಜವಾದ ವಿವರ ಕೈಯಲ್ಲಿದ್ದೂ ನಮಗೆ ಆ ಗಂಟಲು ಹರಿಯೋ ಕೂಗಾಟ ಬೇಕಾ?

ಗುರಾಣಿ ಬಿಸಾಕಿ ಓಡಿದವನಿಗೆ ಅವಮಾನ ಯಾಕೆ, ಶಿರಸ್ತ್ರಾಣ ಎದೆಕವಚ ಕಳೆದುಕೊಂಡವನಿಗೆ ಯಾಕಿಲ್ಲ ಅಂತ ಸ್ಪಾರ್ಟಾದ ದೊರೆ ದೆಮರಾಟಸ್‌ನನ್ನು ಯಾರೋ ಕೇಳಿದರಂತೆ. ಅವು ತನಗೋಸ್ಕರ ತೊಡುವಂಥವು, ಗುರಾಣಿ ಇಡೀ ಸಾಲಿಗೆ ಸೇರಿದ್ದು ಎಂಬರ್ಥದ ಉತ್ತರ ಕೊಟ್ಟನಂತೆ. ಇದು ಪ್ಲುಟಾರ್ಕ್ ಹೇಳುವ ಕಥೆ. ಅಥೆನ್ಸಿನಲ್ಲಿ ಒಬ್ಬನನ್ನು ಸುಮ್ಮಸುಮ್ಮನೆ “ಗುರಾಣಿ ಬಿಸಾಕಿದವನು” ಅಂತ ಅಂದರೆ ಮಾನನಷ್ಟ, ೫೦೦ ದ್ರಾಕ್ಮಾ ದಂಡ. ಹಾಗಂತ ಎಲ್ಲರೂ ನಾಚಿಕೊಂಡರು ಅನ್ನಬೇಡಿ. ಆರ್ಕಿಲೋಕಸ್ ಎಂಬ ಪುಣ್ಯಾತ್ಮ ಕವಿ ತನ್ನ ಗುರಾಣಿ ಪೊದೆಯ ಹತ್ತಿರ ಬಿಟ್ಟು ಓಡಿದ್ದನ್ನು ಸ್ವಂತ ಪದ್ಯದಲ್ಲೇ ಹೇಳಿಕೊಂಡಿದ್ದಾನೆ. ನನಗೆ ಲಿಯೋನಿಡಾಸ್‌ಗಿಂತ ಈತನೇ ಇಷ್ಟ :-)

ಈ ಗುರಾಣಿಗಳಲ್ಲಿ ಒಂದನ್ನು ಇವತ್ತಿಗೂ ನೋಡಬಹುದು. ಕ್ರಿ.ಪೂ. ೪೨೫ರಲ್ಲಿ ಪೈಲೋಸ್ ಹತ್ತಿರದ ಸ್ಫಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟಾದ ಪಡೆ ಅಥೆನ್ಸಿಗೆ ಶರಣಾಯಿತು. ಹೌದು, ಶರಣಾಯಿತು. ಸೆರೆಸಿಕ್ಕವರು ೨೯೨, ಅದರಲ್ಲಿ ಸುಮಾರು ೧೨೦ ಮಂದಿ ಅಪ್ಪಟ ಸ್ಪಾರ್ಟಾ ಪೌರರು. ಅವರನ್ನು ಹಣ್ಣು ಮಾಡಿದ್ದು ಬಿಲ್ಲು, ಎಸೆಯುವ ಈಟಿ, ಕಲ್ಲು ಹಿಡಿದ ಹಗುರ ಪಡೆಗಳು. ಅವರ ಗುರಾಣಿಗಳನ್ನು ಅಥೆನ್ಸಿನವರು ಊರ ನಡುವೆ ಪ್ರದರ್ಶನಕ್ಕಿಟ್ಟರು. ಐನೂರಕ್ಕೂ ಹೆಚ್ಚು ವರ್ಷಗಳ ನಂತರ ಅಲ್ಲಿಗೆ ಹೋದ ಪ್ರವಾಸಿ ಪೌಸಾನಿಯಾಸ್, ತುಕ್ಕು ಹಿಡಿಯದಿರಲಿ ಅಂತ ಡಾಂಬರಿನಂಥ ರಾಳ ಬಳಿದಿಟ್ಟ ಆ ಗುರಾಣಿಗಳನ್ನು ಕಂಡಿದ್ದಾನೆ. ಅಥೆನ್ಸಿನ ಅಗೋರಾದ ಮ್ಯೂಸಿಯಂನಲ್ಲಿರುವುದು ಹಾಗೆ ವಶವಾದ ಒಂದು ಗುರಾಣಿಯ ಕಂಚಿನ ಹೊದಿಕೆ. ನಜ್ಜುಗುಜ್ಜಾಗಿದೆ. ಮೇಲೆ ಚುಚ್ಚಿ ಬರೆದ ಅಕ್ಷರಗಳು: ಪೈಲೋಸಿನಲ್ಲಿ ಲಾಸಿಡೈಮೋನಿಯನ್ನರಿಂದ ಅಥೆನ್ಸಿನವರು ಪಡೆದದ್ದು ಅಂತ. ಜಿಮ್ಮಿನ ಬೋರ್ಡಿಗೆ ಇದು ಬರುವುದಿಲ್ಲ ಬಿಡಿ.

ಉಳಿದ ಸಾಮಾನಿನ ಲೆಕ್ಕ ಬೇಗ ಮುಗಿಸ್ತೀನಿ. ಮುಖ್ಯ ಆಯುಧ ಈಟಿ, ಕತ್ತಿ ಅಲ್ಲ. ಎರಡರಿಂದ ಎರಡೂವರೆ ಮೀಟರ್ ಉದ್ದ, ಹೆಚ್ಚಾಗಿ ಆಶ್ ಮರದ ಕೋಲು, ತುದಿಗೆ ಕಬ್ಬಿಣದ ಅಲಗು, ಬುಡಕ್ಕೆ ಕಂಚಿನ ಮೊಳೆಯಂಥ ಚೂಪು. ಆ ಬುಡದ ಚೂಪಿಗೆ “ಹಲ್ಲಿ ಕೊಲ್ಲುವುದು” ಅಂತ ಹೆಸರು. ನೆಲಕ್ಕೆ ನೆಡೋದಕ್ಕೆ, ಈಟಿ ಮುರಿದರೆ ಹಿಂದುಮುಂದು ಮಾಡಿ ತಿವಿಯೋದಕ್ಕೆ. ಕತ್ತಿ ಈಟಿ ಹೋದ ಮೇಲಿನ ಆಸರೆ ಅಷ್ಟೇ, ಅರವತ್ತು ಸೆಂಟಿಮೀಟರಿನ ಆಸುಪಾಸು. ಕಣಕಾಲಿಗೆ ಕಂಚಿನ ಕಾಪು, ಸ್ಪ್ರಿಂಗಿನ ಹಾಗೆ ಕಾಲನ್ನು ಕಚ್ಚಿಕೊಳ್ಳುತ್ತೆ. ಎದೆಗೆ ಮೊದಮೊದಲು ಗಂಟೆಯಾಕಾರದ ಕಂಚಿನ ಕವಚ. ಆರ್ಗೋಸ್ ಊರಿನ ಒಂದು ಸಮಾಧಿಯಲ್ಲಿ ೧೯೫೩ರಲ್ಲಿ ಸಿಕ್ಕ ಇಂಥ ಕವಚ ಕ್ರಿ.ಪೂ. ಎಂಟನೇ ಶತಮಾನದ ಕೊನೆಯದು. ಆಮೇಲಾಮೇಲೆ ನಾರುಬಟ್ಟೆ ಅಥವಾ ಚರ್ಮದ, ಹೆಗಲ ಮೇಲಿಂದ ಪಟ್ಟಿ ಎಳೆದು ಕಟ್ಟುವ ಕವಚಗಳು ಬಂದವು. ಬಟ್ಟೆಯ ಪದರಗಳನ್ನು ಅಂಟಿಸುತ್ತಿದ್ದರೋ ಹೊಲಿಯುತ್ತಿದ್ದರೋ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ, ನಾವು ಮಧ್ಯೆ ಹೋಗೋದು ಬೇಡ.

ಶಿರಸ್ತ್ರಾಣದ ಬಗ್ಗೆ ಮಾತ್ರ ಎರಡು ಮಾತು. ಸ್ಟಿಕ್ಕರುಗಳಲ್ಲಿ ನಾವು ನೋಡುವ ಆ ಇಂಗ್ಲಿಷಿನ ಟಿ ಅಕ್ಷರದಂಥ ಕಂಡಿಯಿರುವ ಶಿರಸ್ತ್ರಾಣಕ್ಕೆ ಕೊರಿಂಥಿಯನ್ ಅಂತ ಹೆಸರು. ಬೆಸುಗೆ ಇಲ್ಲದೆ ಒಂದೇ ಕಂಚಿನ ತುಂಡನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ತಲೆಯಾಕಾರಕ್ಕೆ ತರುವುದಿದೆಯಲ್ಲ, ಅದು ಸಾಮಾನ್ಯ ಕಂಚುಗಾರನ ಕೆಲಸ ಅಲ್ಲ. ಮೂಗಿನ ಮೇಲೆ ದಪ್ಪ, ಹಿಂದೆ ತೆಳು, ಹೊಡೆತ ಬೀಳುವ ಕಡೆ ಲೋಹ ಹೆಚ್ಚು. ಒಲಿಂಪಿಯಾದ ಮ್ಯೂಸಿಯಂನಲ್ಲಿರುವ ಒಂದರ ಅಂಚಿನ ಮೇಲೆ ಮಿಲ್ಟಿಯಾಡಿಸ್ ಇದನ್ನು ಜ್ಯೂಸ್ ದೇವರಿಗೆ ಅರ್ಪಿಸಿದ ಅಂತ ಬರೆದಿದೆ. ಮಾರಥಾನಿನ ಸೇನಾಪತಿಯ ಹೆಸರೂ ಅದೇ. ಆದರೆ ಇದನ್ನು ಹಾಕಿಕೊಂಡರೆ ಕಿವಿ ಮುಚ್ಚಿಹೋಗುತ್ತೆ, ಅಕ್ಕಪಕ್ಕ ಕಾಣಲ್ಲ. ಅದಕ್ಕೇ ಕ್ರಿ.ಪೂ. ಐದನೇ ಶತಮಾನ ಮುಗಿಯುವ ಹೊತ್ತಿಗೆ ಇದನ್ನು ಬಿಟ್ಟು ಮುಖ ಕಿವಿ ತೆರೆದಿರುವ, ಉಣ್ಣೆ ಟೋಪಿಯಾಕಾರದ ಸರಳ ಶಿರಸ್ತ್ರಾಣಗಳಿಗೆ ಬದಲಾದರು. ಬಿಸಾಕಿದ್ದನ್ನು ನಾವು ಎತ್ತಿಕೊಂಡು ಲೋಗೋ ಮಾಡಿಕೊಂಡಿದ್ದೀವಿ.

ತೂಕದ ವಿಚಾರದಲ್ಲಿ ಪುಸ್ತಕ ಓದುವವರೂ ಕಮ್ಮಿ ಇಲ್ಲ. ವಿಕ್ಟರ್ ಡೇವಿಸ್ ಹ್ಯಾನ್ಸನ್ ೧೯೮೯ರ ಪುಸ್ತಕದಲ್ಲಿ ಸುಮಾರು ೭೦ ಪೌಂಡ್, ಅಂದರೆ ೩೨ ಕೆಜಿ ಅಂತ ಲೆಕ್ಕ ಹಾಕಿದ. ಅದು ಎಲ್ಲ ಕಡೆ ಓಡಾಡಿತು. ಪೀಟರ್ ಕ್ರೆಂಟ್ಜ್ ೨೦೧೦ರಲ್ಲಿ ಮಾರಥಾನ್ ಬಗ್ಗೆ ಬರೆಯುವಾಗ ಸಿಕ್ಕಿರುವ ಸಾಮಾನುಗಳ ಆಧಾರದ ಮೇಲೆ ಅದಕ್ಕಿಂತ ಬಹಳ ಕಡಿಮೆ, ಹೆಚ್ಚುಕಡಿಮೆ ಅರ್ಧದ ಆಸುಪಾಸು ಅಂತ ತೋರಿಸಿದ. ನನಗೆ ಕ್ರೆಂಟ್ಜ್ ಹೇಳುವುದೇ ಸರಿ ಅನ್ನಿಸುತ್ತೆ. ಯಾಕಂದ್ರೆ ಕ್ರಿ.ಪೂ. ೫೨೦ರಿಂದ ಒಲಿಂಪಿಕ್ಸಿನಲ್ಲಿ ಶಿರಸ್ತ್ರಾಣ ಗುರಾಣಿ ಸಮೇತ ಓಡುವ ಪಂದ್ಯವೇ ಇತ್ತು. ಎಲ್ಲರಿಗೂ ಸಮನಾದ ಭಾರ ಇರಲಿ ಅಂತಲೋ ಏನೋ, ಅದಕ್ಕಾಗಿ ಅಲ್ಲಿನ ಜ್ಯೂಸ್ ಗುಡಿಯಲ್ಲೇ ೨೫ ಕಂಚಿನ ಗುರಾಣಿ ಇಟ್ಟಿರುತ್ತಿದ್ದರು.

ಈಗ ದುಡ್ಡಿನ ಮಾತು. ಇದನ್ನೆಲ್ಲ ಕೊಡಿಸಿದವರು ಯಾರು? ಅಥೆನ್ಸಿನಲ್ಲಿ ಬಹುಕಾಲ ಉತ್ತರ ಒಂದೇ: ಅವನವನೇ. ಕ್ರಿ.ಪೂ. ಆರನೇ ಶತಮಾನದ ಕೊನೆಯ ಒಂದು ಶಿಲಾಶಾಸನ ಸಲಾಮಿಸ್ ದ್ವೀಪದಲ್ಲಿ ನೆಲೆಸುವವರು ಮೂವತ್ತು ದ್ರಾಕ್ಮಾ ಬೆಲೆಯ ಆಯುಧಗಳನ್ನು ಸ್ವಂತ ಖರ್ಚಿನಲ್ಲಿ ಇಟ್ಟುಕೊಂಡಿರಬೇಕು ಅನ್ನುತ್ತದೆ. ಮೂವತ್ತು ಎಷ್ಟು ಅಂತೀರಾ? ಅದೇ ಶತಮಾನದ ಮೊದಲ ಭಾಗದ ಸೋಲನ್ ಕಾಲದ ದರಗಳನ್ನು ಪ್ಲುಟಾರ್ಕ್ ಕೊಟ್ಟಿದ್ದಾನೆ. ಒಂದು ಕುರಿಗೆ ಒಂದು ದ್ರಾಕ್ಮಾ, ಒಂದು ಎತ್ತಿಗೆ ಐದು. ಆ ಲೆಕ್ಕ ಹಿಡಿದರೆ ಮೂರು ಜೋಡಿ ಎತ್ತು! ಒಕ್ಕಲುತನದ ಮನೆಯವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ಜೋಡಿ ಎತ್ತಿನ ಬೆಲೆಯ ಕಂಚನ್ನು ಗೋಡೆಗೆ ನೇತುಹಾಕಿಕೊಳ್ಳಬಲ್ಲ ಮನೆ ಬಡವರ ಮನೆ ಅಲ್ಲ.

ಬಡವರು ಎಲ್ಲಿಗೆ ಹೋದರು? ಹಡಗಿಗೆ. ಅಥೆನ್ಸಿನ ಒಂದು ಯುದ್ಧನೌಕೆಗೆ ಹುಟ್ಟು ಹಾಕುವವರೇ ೧೭೦ ಜನ. ಅವರಿಗೆ ಕಂಚಿಲ್ಲ, ಕೆಂಪು ಬಟ್ಟೆಯಿಲ್ಲ. ಥುಸಿಡಿಡೀಸ್ ಒಂದು ಕಡೆ ಪಟ್ಟಿ ಕೊಡುತ್ತಾನೆ, ಒಬ್ಬೊಬ್ಬನೂ ತನ್ನ ಹುಟ್ಟು, ತನ್ನ ಕೂರುವ ದಿಂಬು, ಹುಟ್ಟು ಬಿಗಿಯುವ ಪಟ್ಟಿ ಹೊತ್ತುಕೊಂಡು ನಡೆದ ಅಂತ. ಕ್ರಿ.ಪೂ. ೪೮೦ರಲ್ಲಿ ಸಲಾಮಿಸ್‌ನ ಸಮುದ್ರದಲ್ಲಿ ಪರ್ಷಿಯಾದ ನೌಕಾಪಡೆಯನ್ನು ಮುರಿದ ಹಡಗುಗಳನ್ನು ನಡೆಸಿದ್ದು ಇಂಥವರ ತೋಳು. ಕೂರುವ ದಿಂಬಿನ ಸ್ಟಿಕ್ಕರ್ ಯಾರಾದ್ರೂ ಬೈಕಿಗೆ ಅಂಟಿಸಿದ್ದಾರಾ?

ಮಾಡಿದವರ ಕಥೆ ಇನ್ನೂ ಕೆಳಗಿನದು. ಲೈಸಿಯಾಸ್ ಅಂತ ಒಬ್ಬ ಪ್ರಸಿದ್ಧ ಭಾಷಣಕಾರ, ಅಥೆನ್ಸಿನಲ್ಲಿ ನೆಲೆಸಿದ್ದ ಪರದೇಶಿ ಮನೆತನದವನು. ಅವನೂ ಅವನಣ್ಣ ಪೋಲೆಮಾರ್ಕಸ್‌ನೂ ಗುರಾಣಿ ಕಾರ್ಖಾನೆ ನಡೆಸುತ್ತಿದ್ದರು. ಕ್ರಿ.ಪೂ. ೪೦೪ರಲ್ಲಿ ಮೂವತ್ತು ಮಂದಿಯ ಸರ್ವಾಧಿಕಾರಿ ಕೂಟ ಇವರ ಆಸ್ತಿಯನ್ನು ಲೂಟಿ ಮಾಡಿತು. ಅಣ್ಣನಿಗೆ ವಿಷ ಕುಡಿಸಿ ಕೊಂದರು, ಲೈಸಿಯಾಸ್ ಹಿಂಬಾಗಿಲಿಂದ ತಪ್ಪಿಸಿಕೊಂಡ. ಲೂಟಿಯಾದದ್ದರಲ್ಲಿ ಏನೇನಿತ್ತು ಅಂತ ಅವನೇ ಕೋರ್ಟಿನಲ್ಲಿ ಹೇಳಿದ್ದಾನೆ: ೭೦೦ ಗುರಾಣಿ, ಬೆಳ್ಳಿ, ಚಿನ್ನ, ಕಂಚು, ಒಡವೆ, ಪೀಠೋಪಕರಣ, ಹೆಂಗಸರ ಬಟ್ಟೆ, ಮತ್ತು ೧೨೦ ಗುಲಾಮರು. ಪಟ್ಟಿಯ ಕೊನೆಗೆ ಗುಲಾಮರು, ಬಟ್ಟೆಯ ಪಕ್ಕದಲ್ಲಿ. “ಸ್ವತಂತ್ರ ಪೌರನ ಗುರಾಣಿ” ಅಂತ ಪುಸ್ತಕಗಳು ಹಾಡಿ ಹೊಗಳುವ ವಸ್ತುವಿಗೆ ಮರ ಬಗ್ಗಿಸಿದ ಕೈ, ತಗಡು ಬಡಿದ ಕೈ ಎಷ್ಟೋ ಸಲ ಮಾರಿ ಕೊಂಡ ಕೈಯಾಗಿತ್ತು. ಡೆಮಾಸ್ತನೀಸ್‌ನ ಅಪ್ಪನಿಗೂ ಮೂವತ್ತಕ್ಕೂ ಹೆಚ್ಚು ಗುಲಾಮರಿದ್ದ ಚೂರಿ-ಕತ್ತಿಯ ಕಾರ್ಖಾನೆ ಇತ್ತು.

ಇಲ್ಲೇ ಸಿನಿಮಾದ ಆ ಪ್ರಸಿದ್ಧ ದೃಶ್ಯ ನೆನಪಿಸಿಕೊಳ್ಳಿ. ದಾರಿಯಲ್ಲಿ ಸಿಕ್ಕ ಮಿತ್ರಪಡೆಯವರನ್ನು ಲಿಯೋನಿಡಾಸ್ ನಿಮ್ಮ ಕಸುಬೇನು ಅಂತ ಕೇಳ್ತಾನೆ. ಒಬ್ಬ ಕುಂಬಾರ, ಒಬ್ಬ ಶಿಲ್ಪಿ, ಒಬ್ಬ ಕಮ್ಮಾರ. ತನ್ನವರನ್ನು ಕೇಳಿದರೆ ಎಲ್ಲರೂ ಕೂಗು ಹಾಕ್ತಾರೆ. ಥಿಯೇಟರಿನಲ್ಲಿ ಚಪ್ಪಾಳೆ. ಇದು ಪ್ಲುಟಾರ್ಕ್‌ನಿಂದ ಕದ್ದದ್ದು. ಅಲ್ಲಿ ಅದು ನಡೆಯುವುದು ನೂರು ವರ್ಷ ಆಮೇಲಿನ ಅಗೆಸಿಲಾಸ್ ಎಂಬ ಬೇರೆ ದೊರೆಯ ಕಾಲದಲ್ಲಿ. ಒಂದೊಂದೇ ಕಸುಬಿನವರನ್ನು ಎದ್ದು ನಿಲ್ಲಿ ಅಂದಾಗ ಮಿತ್ರರೆಲ್ಲ ಎದ್ದರಂತೆ, ಸ್ಪಾರ್ಟಾದವನೊಬ್ಬನೂ ಏಳಲಿಲ್ಲವಂತೆ. ಯಾಕೆ ಏಳಲಿಲ್ಲ? ಕೈಕಸುಬು ಮಾಡುವುದು ಅವರಿಗೆ ನಿಷಿದ್ಧವಾಗಿತ್ತು. ಹಾಗಾದರೆ ಊಟಕ್ಕೇನು? ಹೊಲ ಉಳಲು ಹೆಲಟರು ಅಂತ ಇದ್ದರು. ಬಹುಪಾಲು ಮೆಸ್ಸೀನಿಯಾದವರು, ಸೋತು ತಮ್ಮದೇ ನೆಲದಲ್ಲಿ ಜೀತಕ್ಕೆ ಬಿದ್ದವರು, ತಲೆತಲಾಂತರದಿಂದ. ಕುಂಬಾರನನ್ನು ನೋಡಿ ನಗುವವನ ತಟ್ಟೆಯ ಬಾರ್ಲಿ ಬೆಳೆದವನು ಚಿತ್ರದಲ್ಲಿ ಒಂದು ಕ್ಷಣವೂ ಕಾಣಲ್ಲ. ನನಗೆ ಸಿಟ್ಟು ಬಂದದ್ದು ಈ ದೃಶ್ಯಕ್ಕೆ. ಕಸುಬು ಮಾಡುವವನನ್ನು ಹೀಯಾಳಿಸಿ ಚಪ್ಪಾಳೆ ಗಿಟ್ಟಿಸೋದು ಯಾವ ಶೌರ್ಯ ಸ್ವಾಮಿ?

ಹೊತ್ತವರ ವಿಷಯಕ್ಕೆ ಬರೋಣ. ಹಾಪ್ಲೈಟ್ ತನ್ನ ಗುರಾಣಿಯನ್ನು ಯುದ್ಧದ ಬಯಲಿನವರೆಗೆ ತಾನೇ ಹೊತ್ತುಕೊಂಡು ಹೋಗುವುದು ಅಪರೂಪ. ಪೊಟಿಡಿಯಾ ಮುತ್ತಿಗೆಯಲ್ಲಿ ಅಥೆನ್ಸಿನ ಹಾಪ್ಲೈಟನಿಗೆ ದಿನಕ್ಕೆ ಎರಡು ದ್ರಾಕ್ಮಾ ಸಂಬಳ, ಒಂದು ಅವನಿಗೆ ಇನ್ನೊಂದು ಅವನ ಆಳಿಗೆ. ೪೧೩ರಲ್ಲಿ ಸಿರಾಕ್ಯೂಸಿನಿಂದ ಸೋತು ಹಿಂದಿರುಗುವಾಗ ಹಾಪ್ಲೈಟರು ತಮ್ಮ ಬುತ್ತಿಯನ್ನು ತಾವೇ ಹೊತ್ತರಂತೆ. ಅದನ್ನು ಥುಸಿಡಿಡೀಸ್ ರೂಢಿಗೆ ವಿರುದ್ಧವಾದದ್ದು ಅಂತ ಬೇರೆಯಾಗಿ ದಾಖಲಿಸುತ್ತಾನೆ. ಆಳುಗಳು ಓಡಿಹೋಗಿದ್ದರು, ಉಳಿದವರ ಮೇಲೆ ನಂಬಿಕೆ ಇರಲಿಲ್ಲ. ಪ್ಲಾಟಿಯಾದಲ್ಲಿ ೫,೦೦೦ ಸ್ಪಾರ್ಟಾದವರು, ಒಬ್ಬೊಬ್ಬನಿಗೆ ಏಳು ಮಂದಿ ಹೆಲಟರು, ಒಟ್ಟು ೩೫,೦೦೦ ಅನ್ನುತ್ತಾನೆ ಹೆರೊಡೋಟಸ್. ಸಂಖ್ಯೆ ಉಬ್ಬಿಸಿದ್ದು ಅಂತ ನೀವು ಅರ್ಧ ಕಡಿದರೂ ಬಯಲಿನಲ್ಲಿ ನಿಂತ ಸ್ಪಾರ್ಟಾದ ಬಹುಪಾಲು ಜನ ಹೆಲಟರೇ.

ಥರ್ಮಾಪಿಲೇಯಲ್ಲೂ ಇದ್ದರು. ಯುದ್ಧ ಮುಗಿದ ಮೇಲೆ ಹೆಣ ನೋಡಲು ಬಂದ ಕ್ಸರ್ಕ್ಸಿಸ್‌ನ ನೌಕಾಪಡೆಯವರು, ಅಲ್ಲಿ ಬಿದ್ದಿದ್ದವರೆಲ್ಲ ಸ್ಪಾರ್ಟಾದವರು ಮತ್ತು ಥೆಸ್ಪಿಯಾದವರು ಅಂದುಕೊಂಡರಂತೆ. ಅವರ ನಡುವೆ ಹೆಲಟರ ಹೆಣಗಳೂ ಇದ್ದವು. ೭೦೦ ಜನ ಥೆಸ್ಪಿಯಾದವರು ಕೊನೆಯ ದಿನ ಅಲ್ಲೇ ನಿಂತು ಸತ್ತರು, ಅವರ ಹೆಸರಲ್ಲಿ ಒಂದು ಜಿಮ್ಮೂ ಇಲ್ಲ. ಯೂರಿಟಸ್ ಅಂತ ಒಬ್ಬ ಸ್ಪಾರ್ಟಾದವನಿಗೆ ಕಣ್ಣುಬೇನೆ. ಯುದ್ಧದ ಸುದ್ದಿ ಕೇಳಿ ಕವಚ ತರಿಸಿ ತೊಟ್ಟುಕೊಂಡ, ತನ್ನ ಹೆಲಟನಿಗೆ ಕೈಹಿಡಿದು ಕರಕೊಂಡು ಹೋಗು ಅಂದ. ಆಳು ಕರಕೊಂಡು ಹೋಗಿ ಬಿಟ್ಟು, ತಾನು ಓಡಿಹೋದ. ಯೂರಿಟಸ್ ಗುಂಪಿನೊಳಗೆ ನುಗ್ಗಿ ಸತ್ತ. ಹೆರೊಡೋಟಸ್ ಆ ಹೆಲಟನ ಹೆಸರು ಕೊಟ್ಟಿಲ್ಲ. ನನಗೆ ಅವನ ಮೇಲೆ ಎಳ್ಳಷ್ಟೂ ಬೇಸರವಿಲ್ಲ, ಓಡಿದ್ದೇ ಒಳ್ಳೇದಾಯ್ತು.

“ಗ್ರೀಕರೇ ಹೂಜಿಗಳ ಮೇಲೆ ಬೆತ್ತಲೆ ಯೋಧರನ್ನು ಬರೆದಿದ್ದಾರಲ್ಲ, ಸಿನಿಮಾದವರನ್ನು ಯಾಕೆ ಬೈತೀರಿ?” ಅಂತ ಕೇಳುವವರಿದ್ದಾರೆ. ನಿಜ, ಬರೆದಿದ್ದಾರೆ. ಅದು ಅವರ ಚಿತ್ರಕಲೆಯ ರೂಢಿ. ಆದರೆ ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿರುವ ಕೀಜಿ ಹೂಜಿಯನ್ನೂ ನೋಡಿ, ಕ್ರಿ.ಪೂ. ಏಳನೇ ಶತಮಾನದ್ದು. ಸಾಲು ಸಾಲಾಗಿ ಪೂರ್ತಿ ಕವಚ ತೊಟ್ಟವರು, ಅವರ ನಡುವೆ ಜೋಡಿ ಕೊಳಲು ಊದುವ ಒಬ್ಬ ಹುಡುಗ. ಬೆತ್ತಲೆ ಬರೆದವನಿಗೂ ಅದನ್ನು ಕೊಂಡವನಿಗೂ ಗುರಾಣಿ ಎಷ್ಟು ಭಾರ, ಯಾರು ಹೊರುತ್ತಾರೆ ಅಂತ ಗೊತ್ತಿತ್ತು. ನಮಗೆ ಗೊತ್ತಿಲ್ಲ. ಆ ರೂಢಿಯನ್ನೇ ಇತಿಹಾಸ ಅಂತ ಮಾರಿದರೆ ತಪ್ಪು ಮಾರುವವನದೇ.

ಇನ್ನೊಂದು ವಾದ ಇದೆ. ಆ ಕಾಲದಲ್ಲಿ ಗುಲಾಮರು ಎಲ್ಲ ಕಡೆ ಇದ್ದರು, ಇವತ್ತಿನ ಕನ್ನಡಕ ಹಾಕಿಕೊಂಡು ನೋಡಬಾರದು ಅಂತ. ಸರಿ, ನನ್ನ ಕನ್ನಡಕ ತೆಗೆದಿಡ್ತೀನಿ, ಅವರದ್ದೇ ಕಾಲದ ಕ್ರಿಟಿಯಾಸ್‌ನ ಮಾತು ಕೇಳಿ. ಈತ ಸ್ಪಾರ್ಟಾದ ದೊಡ್ಡ ಅಭಿಮಾನಿ, ಅದನ್ನು ಹೊಗಳಿ ಪುಸ್ತಕವನ್ನೇ ಬರೆದವನು. ಅವನು ಹೇಳುವುದು: ಸ್ಪಾರ್ಟಾದವನು ಮನೆಯಲ್ಲಿರುವಾಗ ಹೆಲಟರ ಮೇಲಿನ ಅಪನಂಬಿಕೆಯಿಂದ ತನ್ನ ಗುರಾಣಿಯ ಪೋರ್ಪಾಕ್ಸ್ ಬಿಚ್ಚಿಡುತ್ತಾನೆ. ಹೇಳಿದ್ದೆನಲ್ಲ, ಆ ಕೈ ತೂರಿಸುವ ಪಟ್ಟಿ. ಅದಿಲ್ಲದಿದ್ದರೆ ಗುರಾಣಿ ಬರೀ ಮರದ ತಟ್ಟೆ. ರಾತ್ರೋರಾತ್ರಿ ಮನೆಯ ಆಳು ಎದ್ದು ಅದನ್ನು ಕೈಗೆ ಏರಿಸಿಕೊಂಡರೆ ಅಂತ ಭಯ. ದಂಡಿನಲ್ಲಿದ್ದಾಗಲೂ ಗುಲಾಮರನ್ನು ದೂರ ಇಡಲು ಸದಾ ಈಟಿ ಹಿಡಿದೇ ಓಡಾಡುತ್ತಿದ್ದರು ಅನ್ನುತ್ತಾನೆ ಜೆನೊಫೋನ್, ಅವನೂ ಸ್ಪಾರ್ಟಾದ ಸ್ನೇಹಿತನೇ. ಯಾರಿಗೂ ಹೆದರದ ಗಂಡುಗಳು ಅಂತೀರಲ್ಲ, ಅವರು ತಮ್ಮ ಮನೆಯಲ್ಲಿ ರೊಟ್ಟಿ ಸುಡುವವನಿಗೆ ಹೆದರಿ ಗುರಾಣಿಯ ಹಿಡಿ ಬಚ್ಚಿಟ್ಟು ಮಲಗುತ್ತಿದ್ದರು.

ಭಯಕ್ಕೆ ಕಾರಣವೂ ಇತ್ತು. ಯುದ್ಧದಲ್ಲಿ ತಾವೇ ಚೆನ್ನಾಗಿ ದುಡಿದೆವು ಅನ್ನುವ ಹೆಲಟರು ಮುಂದೆ ಬನ್ನಿ, ಬಿಡುಗಡೆ ಕೊಡ್ತೀವಿ ಅಂತ ಒಮ್ಮೆ ಸಾರಿದರು. ಸುಮಾರು ೨,೦೦೦ ಮಂದಿಯನ್ನು ಆರಿಸಿದರು. ಅವರು ತಲೆಗೆ ಹೂವಿನ ಬಳೆ ಮುಡಿದು ದೇವಸ್ಥಾನಗಳನ್ನು ಸುತ್ತಿದರು. ಆಮೇಲೆ ಅವರು ಕಾಣಲೇ ಇಲ್ಲ, ಒಬ್ಬೊಬ್ಬನೂ ಹೇಗೆ ಸತ್ತ ಅಂತ ಯಾರಿಗೂ ತಿಳಿಯಲಿಲ್ಲ. ಥುಸಿಡಿಡೀಸ್ ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ. ಅದೇ ಪುಟದಲ್ಲಿ ಇನ್ನೊಂದು ಸಂಗತಿ ಇದೆ: ಕ್ರಿ.ಪೂ. ೪೨೪ರಲ್ಲಿ ಬ್ರಾಸಿಡಾಸ್ ಎಂಬ ಸ್ಪಾರ್ಟಾದ ದಂಡನಾಯಕ ೭೦೦ ಹೆಲಟರಿಗೆ ಹಾಪ್ಲೈಟ್ ಆಯುಧಗಳನ್ನೇ ತೊಡಿಸಿ ಉತ್ತರಕ್ಕೆ ಕರೆದೊಯ್ದ. ಅವರು ಚೆನ್ನಾಗಿಯೇ ಕಾದಾಡಿದರು, ವಾಪಸು ಬಂದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು. ಏಳನೇ ವಯಸ್ಸಿನಿಂದ ಚಳಿಯಲ್ಲಿ ಮಲಗಿಸಿ, ಉಪವಾಸ ಕೆಡವಿ ತಯಾರು ಮಾಡಿದ ಆ ವಿಶೇಷ ದೇಹವೇ ಎಲ್ಲಕ್ಕೂ ಕಾರಣವಾಗಿದ್ದರೆ ಇವರು ಹೇಗೆ ಕಾದಿದರು? ಗುರಾಣಿ ಸಿಕ್ಕಿತು, ಕಾದಿದರು.

ಕೊನೆಗೆ ಆ ಘೋಷಣೆ. “ಮೊಲೋನ್ ಲಾಬೆ”, ಬಂದು ತಗೋ ಅಂತ. ಆಯುಧ ಕೆಳಗಿಡಿ ಅಂದ ಕ್ಸರ್ಕ್ಸಿಸ್‌ಗೆ ಲಿಯೋನಿಡಾಸ್ ಕೊಟ್ಟ ಉತ್ತರವಂತೆ. ಹೆರೊಡೋಟಸ್‌ನಲ್ಲಿ ಇದು ಇಲ್ಲ, ಸಿಗುವುದು ಐನೂರು ವರ್ಷಕ್ಕೂ ಈಚಿನ ಪ್ಲುಟಾರ್ಕ್‌ನಲ್ಲಿ. ಇವತ್ತು ಅಮೆರಿಕದ ಬಂದೂಕುಪ್ರಿಯರು ಇದನ್ನು ಕಾರಿಗೆ ಅಂಟಿಸಿಕೊಳ್ಳುತ್ತಾರೆ. ಯುರೋಪಿನಲ್ಲಿ ವಲಸಿಗರನ್ನು ಓಡಿಸಿ ಅನ್ನುವ ಗುಂಪುಗಳು ಸಿನಿಮಾದ ಗುರಾಣಿಯ ಮೇಲಿನ ಲಾಂಬ್ಡಾ ಅಕ್ಷರವನ್ನೇ ತಮ್ಮ ಗುರುತು ಮಾಡಿಕೊಂಡವು. ಅದರಲ್ಲೊಂದನ್ನು ಫ್ರಾನ್ಸ್ ಸರ್ಕಾರ ೨೦೨೧ರಲ್ಲಿ ವಿಸರ್ಜಿಸಿತು. ಅಂದಹಾಗೆ ಸ್ಪಾರ್ಟಾದ ಗುರಾಣಿಯ ಲಾಂಬ್ಡಾಕ್ಕೆ ಸಿಗುವ ಆಧಾರ ಯೂಪೊಲಿಸ್ ಎಂಬ ನಾಟಕಕಾರನ ಒಂದು ಚೂರು, ಅದೂ ಥರ್ಮಾಪಿಲೇ ಆಗಿ ಎಷ್ಟೋ ದಶಕಗಳ ನಂತರದ್ದು.

ಬಂದು ತಗೋ ಅಂದವರ ಮೊಮ್ಮಕ್ಕಳು ಮುಂದೆ ಏನು ಮಾಡಿದರು ಅಂತ ಈ ಸ್ಟಿಕ್ಕರಿನವರಿಗೆ ಯಾರೂ ಹೇಳಿಲ್ಲ. ೪೦೪ರಲ್ಲಿ ಅಥೆನ್ಸ್ ಸೋತಿತು, ಮೂವತ್ತರ ಕೂಟ ಅಧಿಕಾರಕ್ಕೆ ಬಂತು. ಅದರ ಮುಖಂಡ ಇದೇ ಕ್ರಿಟಿಯಾಸ್. ಲೈಸಿಯಾಸ್‌ನ ಗುರಾಣಿ ಲೂಟಿ ಮಾಡಿದ್ದೂ ಇದೇ ಕೂಟ. ಇವರ ಬೆನ್ನಿಗೆ ಸ್ಪಾರ್ಟಾದ ಕಾವಲುಪಡೆ ಅಥೆನ್ಸಿನಲ್ಲೇ ಬೀಡುಬಿಟ್ಟಿತ್ತು. ೩,೦೦೦ ಜನ ನಂಬಿಕಸ್ತರನ್ನು ಬಿಟ್ಟು ಉಳಿದ ಎಲ್ಲ ಪೌರರ ಆಯುಧಗಳನ್ನು, ಅವರು ಹತ್ತಿರ ಇಲ್ಲದ ಹೊತ್ತು ನೋಡಿ, ಆ ಕಾವಲುಪಡೆಯನ್ನು ಕಳಿಸಿ ಎತ್ತಿಸಿದರು. ಅಕ್ರೊಪೊಲಿಸ್ ಬೆಟ್ಟದ ಮೇಲೆ ಹೊತ್ತೊಯ್ದು ಗುಡಿಯೊಳಗೆ ತುಂಬಿದರು. ಮೂರು ಜೋಡಿ ಎತ್ತಿನ ಬೆಲೆ ಕೊಟ್ಟು ಕೊಂಡದ್ದು. ಬಂದರು, ತಗೊಂಡರು!

ಆಯುಧ ಕಳೆದುಕೊಂಡವರು, ಊರು ಬಿಟ್ಟು ಓಡಿದವರು, ಪರದೇಶಿಗಳು, ಗುಲಾಮರು ಕೂಡ, ಥ್ರಾಸಿಬ್ಯುಲಸ್ ಎಂಬವನ ಹಿಂದೆ ಪಿರೇಯಸ್ ಬಂದರಿನಲ್ಲಿ ಸೇರಿದರು. ಕಂಚು ಇರಲಿಲ್ಲ. ಸಿಕ್ಕ ಮರ, ಹೆಣೆದ ಬೆತ್ತ ಹಿಡಿದು ಗುರಾಣಿ ಮಾಡಿಕೊಂಡರು, ಅದಕ್ಕೆ ಬಿಳಿ ಬಣ್ಣ ಬಳಿದರು ಅಂತ ಜೆನೊಫೋನ್ ಬರೆದಿದ್ದಾನೆ. ತಪ್ಪಿಸಿಕೊಂಡಿದ್ದ ಲೈಸಿಯಾಸ್ ಇವರಿಗೆ ೨,೦೦೦ ದ್ರಾಕ್ಮಾ ಮತ್ತು ೨೦೦ ಗುರಾಣಿ ಒದಗಿಸಿದ ಅಂತ ಅವನ ಜೀವನಚರಿತ್ರೆ ಹೇಳುತ್ತದೆ. ಆ ಕಾಳಗದಲ್ಲಿ ಕ್ರಿಟಿಯಾಸ್ ಸತ್ತ, ಪ್ರಜಾಪ್ರಭುತ್ವ ಮರಳಿತು. ಜೊತೆಗೆ ನಿಂತ ಪರದೇಶಿಗಳಿಗೂ ಗುಲಾಮರಿಗೂ ಪೌರತ್ವ ಕೊಡೋಣ ಅಂತ ಥ್ರಾಸಿಬ್ಯುಲಸ್ ಠರಾವು ತಂದ. ಅದು ಕಾನೂನುಬಾಹಿರ ಅಂತ ಕೋರ್ಟಿನಲ್ಲಿ ಬಿದ್ದುಹೋಯಿತು. ಲೈಸಿಯಾಸ್ ಸಾಯುವವರೆಗೂ ಅಥೆನ್ಸಿನಲ್ಲೇ ಇದ್ದ, ಪರದೇಶಿಯಾಗಿಯೇ.